ಗಾಜಿನೊಳಗಿನ ಉಕ್ಕಿನ ಮಹಾಶಯರಿಗೆ

ಮಾನ್ಯ ಉಕ್ಕಿನ ಕವಚ ಮಹಾಶಯರೇ,

ನಮ್ಮೂರ ವಸ್ತುಸಂಗ್ರಹಾಲಯದ ಮಹಡಿಯಲ್ಲಿ, ಭರ್ಜಿ, ಗಂಡುಗೊಡಲಿಗಳ ಪರಿವಾರದ ನಡುವೆ, ಹೊಟ್ಟೆಪಾಡಿನ ಚಿಂತೆಯಿಲ್ಲದೆ ನಿಂತಿರುವ ತಮಗೆ, ಸೇತುವೆ ಪಕ್ಕದ ಹೋಟೆಲಿನ ಒಡತಿ ವಾಲ್ಬುರ್ಗಾ ಪಿಖ್ಲರ್ ಬಗ್ಗಿ ಸಲ್ಲಿಸುವ ವಂದನೆಗಳು. ಸೊಂಟನೋವಿನಿಂದಾಗಿ ಅರ್ಧವೇ ಬಗ್ಗಿದ್ದೇನೆ, ಮನ್ನಿಸಬೇಕು.

ತಮ್ಮ ಎದೆಯ ಎಡಗಡೆ ಇರುವ ಗುಣಿಯನ್ನು ಸ್ಟೈರಿಯಾ ಪ್ರಾಂತ್ಯದ ಈ ಮೂಲೆಯಲ್ಲಿ ಅರಿಯದವರಿಲ್ಲ. ತುರ್ಕರ ಗುಂಡು ಅಲ್ಲಿ ಬಡಿದರೂ ಒಳಗಿದ್ದ ನಮ್ಮೂರ ಸರದಾರ ಒಂದು ಹೆಜ್ಜೆಯೂ ಕದಲಲಿಲ್ಲವೆಂಬ ನಂಬಿಕೆಯಿಂದ, ದಾಂಪತ್ಯವೂ ಹಾಗೆಯೇ ಕದಲದಿರಲೆಂದು, ಮದುವೆಯ ದಿನ ಚರ್ಚಿಗೆ ಹೋಗುವ ಮುನ್ನ ವಧೂವರರಿಬ್ಬರೂ ಬಂದು ಆ ಗುಣಿಗೆ ಹೆಬ್ಬೆರಳು ಒತ್ತುವುದು ರೂಢಿ. ತೀರಿಹೋದ ನನ್ನ ಮೊದಲ ಗಂಡನೂ ಒತ್ತಿದ್ದ. ಪುಣ್ಯಾತ್ಮ, ಕೊನೆಯವರೆಗೂ ಕದಲಲಿಲ್ಲ, ಅದರಲ್ಲೂ ಒಲೆಯ ಪಕ್ಕದ ಬೆಂಚಿನಿಂದ.

ಈ ವಸಂತದಲ್ಲಿ ತಮ್ಮ ಯೋಗಕ್ಷೇಮಕ್ಕೆಂದು ಹೊಸದಾಗಿ ನೇಮಕವಾದ ಹರ್ಮಿನೆ ಟ್ರಿಕ್ಸಲ್ ಎಂಬ ತಜ್ಞೆ, ನಮ್ಮ ಹೆಬ್ಬೆರಳುಗಳ ಬೆವರಿನಿಂದ ತಮಗೆ ತುಕ್ಕು ಹಿಡಿಯುತ್ತಿದೆಯೆಂದು ತಮ್ಮನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿದಳು. ಸಾಲದ್ದಕ್ಕೆ, ಗುಂಡು ತುರ್ಕರದ್ದಲ್ಲ, ತಮ್ಮನ್ನು ಬಡಿದು ರೂಪಿಸಿದ ಕಮ್ಮಾರನೇ ಮಾಲು ಗಟ್ಟಿಯಾಗಿದೆಯೆಂದು ಗಿರಾಕಿಗೆ ತೋರಿಸಲು ಅಂಗಳದಲ್ಲಿ ಹೊಡೆದದ್ದು, ತಾವು ಯುದ್ಧದ ಮುಖವನ್ನೇ ಕಂಡಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು. ಇಷ್ಟು ಕಾಲ ಊರನ್ನು ಯಾಮಾರಿಸಿದ್ದು ತಾವು, ಬೈಸಿಕೊಂಡದ್ದು ಅವಳು. ಈಗ ಬೇಕರಿಯವನು ಅವಳಿಗೆ ನಿನ್ನೆಯ ಬ್ರೆಡ್ಡನ್ನೇ ಕೊಡುತ್ತಾನೆ.

ಇನ್ನು ನನ್ನ ದೂರು. ಒಲೆ ಕಟ್ಟುವ ಅಲೋಯಿಸನೊಂದಿಗೆ ನನ್ನ ನಿಶ್ಚಿತಾರ್ಥವಾಗಿ ಏಳು ವರ್ಷವಾಯಿತು, ಬರುವ ಶನಿವಾರ ಹತ್ತು ಗಂಟೆಗೆ ಮದುವೆ. ಅವನೋ, ಗಾಜು ತೆರೆಯುವವರೆಗೆ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಕೂತಿದ್ದಾನೆ. ಅವನ ಮೊದಲ ಮದುವೆಯ ಹೊತ್ತಿಗೆ ತಾವು ಪ್ರದರ್ಶನಕ್ಕೆಂದು ವಿಯೆನ್ನಾಕ್ಕೆ ಹೋಗಿದ್ದಿರಂತೆ, ಹೆಬ್ಬೆರಳು ಒತ್ತಲಾಗಲಿಲ್ಲವಂತೆ, ಅದಕ್ಕೇ ಎರಡೇ ವರ್ಷದಲ್ಲಿ ಹೆಂಡತಿ ಬಿಟ್ಟುಹೋದಳಂತೆ. ಅದು ಬರೀ ಪರೀಕ್ಷೆಯ ಗುಂಡು ಮಾರಾಯ ಎಂದು ನಾನು ತಿಳಿಹೇಳಿದರೆ, “ಪರೀಕ್ಷೆ ಮಾಡಿದ್ದು ಅಂದ್ರೆ ಇನ್ನೂ ಗಟ್ಟಿ ಅಲ್ವೇನೇ?” ಎಂದ.

“ಅವಳು ಬಿಟ್ಟುಹೋದದ್ದು ನಿನ್ನ ಹೆಬ್ಬೆರಳಿಂದಲ್ಲ ಕಣೋ, ನಿನ್ನ ಬಾಯಿಂದ,” ಎಂದೆ. ಅವನು ತಟ್ಟೆಯಲ್ಲಿ ಉಳಿದ ಕುಂಬಳಬೀಜದ ಎಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದು, ಟೋಪಿ ಹಾಕಿಕೊಂಡು ಹೋದವನು ಮತ್ತೆ ಈ ಕಡೆ ಸುಳಿದಿಲ್ಲ.

ವರನಾಗಲು ತಮಗಿರುವ ಅರ್ಹತೆಗಳನ್ನು ನಾನು ಬಲ್ಲೆ. ತಾವು ಗೊರಕೆ ಹೊಡೆಯುವುದಿಲ್ಲ, ಸೂಪಿಗೆ ಉಪ್ಪು ಕಡಿಮೆಯೆನ್ನುವುದಿಲ್ಲ, ಹೊಟ್ಟೆಯಂತೂ ಹುಟ್ಟಿನಿಂದಲೇ ಒಳಗಿದೆ. ಆದರೂ ಹೇಳಿಬಿಡುತ್ತೇನೆ, ನನಗೆ ಅಲೋಯಿಸನೇ ಬೇಕು, ಆ ಬಾಯಿಯ ಸಮೇತ. ಐವತ್ತೆಂಟರ ವಯಸ್ಸಿನಲ್ಲಿ ಹೋಟೆಲಿನ ಕುರ್ಚಿಗಳನ್ನೆಲ್ಲ ಮೇಜಿನ ಮೇಲೇರಿಸಿದ ಬಳಿಕ ಒಬ್ಬಳೇ ಕೂತು ಉಣ್ಣುವುದು ನನಗೆ ಸಾಕಾಗಿದೆ. ತಮ್ಮ ಕಮ್ಮಾರ ಒಂದೇ ಗುಂಡು ಹೊಡೆದು, ನಂಬಿ, ಮಾಲನ್ನು ಕೈಗಿತ್ತ. ಈ ಮನುಷ್ಯ ಏಳು ವರ್ಷದಿಂದ ನನ್ನ ಮೇಲೆ ಪರೀಕ್ಷೆಯ ಗುಂಡು ಹೊಡೆಯುತ್ತಲೇ ಇದ್ದಾನೆ, ಇನ್ನೂ ಅನುಮಾನ.

ಆದ್ದರಿಂದ ತಾವು ದಯಮಾಡಿ ಶನಿವಾರ ಗಾಜನ್ನು ಸರಿಸಿ, ಕೀಲುಗಳಿಗೆ ತುಸು ಎಣ್ಣೆ ಬಿಟ್ಟುಕೊಂಡು, ಸ್ವಂತ ಕಾಲಿನ ಮೇಲೆ ಚರ್ಚಿನ ಬಾಗಿಲಿಗೆ ಬಂದು ಎದೆಯೊಡ್ಡಬೇಕು. ಅವನ ಬೆವರನ್ನು ನನ್ನ ಮದುವೆಯ ಉಡುಪಿನ ಅಂಚಿನಿಂದಲೇ ಒರೆಸಿಕೊಡುತ್ತೇನೆ. ತಮಗೆ ಬರಲಾಗದಿದ್ದರೆ, ಅವನನ್ನಾದರೂ ಕಳಿಸಿಕೊಡಿ.

ಇಂತು ಶನಿವಾರ ಹತ್ತು ಗಂಟೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ವಾಲ್ಬುರ್ಗಾ ಪಿಖ್ಲರ್

ತಾ.ಕ.: ತಮಗೆ ಬರೆದ ಪತ್ರ ಮರಣವಾರ್ತೆಗಳ ಪುಟದಲ್ಲಿ ಅಚ್ಚಾಗಿರುವುದಕ್ಕೆ ಬೇಸರಿಸಬಾರದು. ನಮ್ಮೂರ ವಾರಪತ್ರಿಕೆಯಲ್ಲಿ ಅಲೋಯಿಸ್ ಓದುವುದು ಅದೊಂದೇ ಪುಟ. ಶನಿವಾರ ಅವನು ಬಾರದಿದ್ದರೆ ಅವನಿಗಾಗಿ ಮುಂದಿನ ವಾರ ಇದೇ ಪುಟದಲ್ಲಿ ಒಂದಿಷ್ಟು ಜಾಗ ಬಿಡಲು ಸಂಪಾದಕರಿಗೆ ಹೇಳಿಟ್ಟಿದ್ದೇನೆ.