ಹೊನ್ನವ್ವನ ಗಡಿಗೆಯ ಅಪರಿಚಿತ ಜೀವಿ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳಲ್ಲಿ ವಾಸಿಸುವ ಯಾವುದೇ ಸೂಕ್ಷ್ಮಜೀವಿಯು ಹೆಸರಿಲ್ಲದೆ ಸಂತೆಯಲ್ಲಿ ತಿರುಗಾಡತಕ್ಕದ್ದಲ್ಲ ಎಂಬುದು ನಿಯಮ. ಆದ್ದರಿಂದ ನರೇಗಲ್ ಸಂತೆಯಲ್ಲಿ, ಶಿರೋಳದ ಹೊನ್ನವ್ವನ ಮೊಸರಿನೊಳಗೆ ಗುರುತು ಸಿಗದ ಬ್ಯಾಕ್ಟೀರಿಯಾ ಒಂದು ಪತ್ತೆಯಾದ ಕೂಡಲೇ ಗಡಿಗೆಯ ಬಾಯಿಗೆ ಅರಗಿನ ಮುದ್ರೆ ಬಿತ್ತು.

ಹೊನ್ನವ್ವ ಗಡಿಗೆಯ ಬೆನ್ನು ಹತ್ತಿ ರೋಣದ ಸೂಕ್ಷ್ಮಜೀವಿ ಗುರುತು ಕೇಂದ್ರಕ್ಕೆ ಬಂದು ಕೂತಳು. ಮೊಸರು ಹೋದರೆ ಹೋಗಲಿ. ಅತ್ತೆ ಕೊಟ್ಟ ಹೆಪ್ಪು ಅದರೊಳಗಿತ್ತು, ಮನೆಯಲ್ಲಿ ಇನ್ನೊಂದು ಚಮಚೆಯೂ ಉಳಿದಿರಲಿಲ್ಲ. ಗಡಿಗೆ ಚೆಲ್ಲಿಸಿದರೆ ಅವಳ ಮೊಸರಿನ ವಂಶ ಅಲ್ಲಿಗೆ ಮುಗಿದಂತೆ.

"ಹೆಸರು ಗೊತ್ತಾದ್ರ ಬಿಡ್ತೀವಿ. ಗೊತ್ತಾಗ್ಲಿಲ್ಲಂದ್ರ ಚೆಲ್ಲತೀವಿ," ಎಂದರು ಅಧಿಕಾರಿ ವೆಂಕಟೇಶ ಸಾಹೇಬರು.

"ಹೆಸರ ಬೇಕಂದ್ರ ನಾನ ಒಂದ್ ಇಡತೀನಲ್ರಿ."

"ಹಂಗ ಬರೂದಿಲ್ಲವಾ. ಪರೀಕ್ಷೆ ಆಗಬೇಕು."

ಪರೀಕ್ಷೆಗಳು ಕ್ರಮಬದ್ಧವಾಗಿ ನಡೆದವು. ತಂತ್ರಜ್ಞೆ ಅನಘಾ ಜೀವಿಗೆ ಸಕ್ಕರೆ ನೀರು ಕೊಟ್ಟಳು. ಅದು ಹುಳಿ ಮಾಡಿತು. 'ಉಪಕಾರ ಸ್ಮರಣೆ ಇಲ್ಲ' ಎಂದು ಸಾಹೇಬರು ಬರೆಸಿದರು. ಪೆರಾಕ್ಸೈಡ್ ಹನಿ ಹಾಕಿದಳು. ಒಂದು ಗುಳ್ಳೆಯೂ ಏಳಲಿಲ್ಲ. 'ಶಾಂತ ಸ್ವಭಾವ' ಎಂದು ಬರೆಸಿದರು. ಉಳಿದದ್ದು ಬಣ್ಣ. ಬಣ್ಣ ಹಚ್ಚಿ ತೊಳೆದ ಮೇಲೆ ಜೀವಿ ನೇರಳೆಯಾಗಿ ಉಳಿದರೆ ಒಂದು ಕುಲ, ಗುಲಾಬಿಯಾದರೆ ಇನ್ನೊಂದು.

ಸೂಕ್ಷ್ಮದರ್ಶಕದಲ್ಲಿ ಇಣುಕಿ ಕೇಂದ್ರದ ಸಮಿತಿಯ ರೋಣದ ಸದಸ್ಯರು ನೇರಳೆ ಎಂದರು. ಅದಕ್ಕಾಗಿಯೇ ನರಗುಂದದ ಸದಸ್ಯರು ಗುಲಾಬಿ ಎಂದರು.

"ನೇರಳೀನ ಅದರಿ ಸರ," ಎಂದಳು ಅನಘಾ.

"ಬಣ್ಣ ಹಚ್ಚಿದವರು ಬಣ್ಣ ಹೇಳೂ ಹಂಗಿಲ್ಲ. ಪಕ್ಷಪಾತ ಆಗ್ತದ," ಎಂದರು ಸಾಹೇಬರು.

ಕೈ ಎತ್ತಿಸಿದರೆ ಸಮಸಮ ಬಂತು. ಹೊನ್ನವ್ವ ಸೆರಗಿನಿಂದ ಗಡಿಗೆಗೆ ಗಾಳಿ ಹಾಕುತ್ತಲೇ ಇದ್ದಳು. ಕೊನೆಗೆ ಗಜೇಂದ್ರಗಡದ ಸೀರೆ ವ್ಯಾಪಾರಿ ಮುತ್ತಣ್ಣನನ್ನು ವಿಷಯ ತಜ್ಞರೆಂದು ಕರೆಸಲಾಯಿತು. ಆ ಪೇಟೆಯ ಬಣ್ಣದ ತಕರಾರುಗಳೆಲ್ಲ ಅವನ ಗಾದಿಯ ಮೇಲೆಯೇ ಬಗೆಹರಿಯುವುದು.

ಮುತ್ತಣ್ಣ ಒಂದು ಕಣ್ಣು ಮುಚ್ಚಿ ನೋಡಿದ. "ಮೈ ನೇರಳಿ. ಸೆರಗು ದಾಳಿಂಬರಿ. ತೊಳದ್ರ ಬಿಡೂ ಬಣ್ಣ ಅಲ್ರಿ ಇದು."

"ಅಪಾಯ?" ಎಂದು ಸಾಹೇಬರು ಕೇಳಿದರು.

"ಇಂಥಾದ್ದ ಬೀಗತ್ಯಾರಿಗೆ ಉಡಸ್ತೀವ್ರಿ."

"ಬೀಗತ್ಯಾರು ತಕರಾರು ತಗದಾರೇನು?"

"ಈ ಬಣ್ಣಕ್ಕ ಯಾರೂ ತಗದಿಲ್ರಿ."

ಬೀಗತಿಯರೇ ಒಪ್ಪಿದ್ದನ್ನು ಪ್ರಶ್ನಿಸುವ ಅಧಿಕಾರ ಕೇಂದ್ರಕ್ಕೆ ಇರಲಿಲ್ಲ. ಪ್ರಕಟಣೆ ಹೊರಟಿತು: 'ಸದರಿ ಜೀವಿಯು ನೇರಳೆ ಮೈ, ದಾಳಿಂಬರಿ ಸೆರಗು ಹಾಗೂ ಶಾಂತ ಸ್ವಭಾವದ್ದೆಂದು ಗುರುತಿಸಲಾಗಿದೆ. ಗಡಿಗೆಯಲ್ಲಿ ಕಾಯಂ ವಾಸಕ್ಕೆ ಅನುಮತಿ ಇದೆ. ಆದರೆ ಪ್ರತಿ ಸೋಮವಾರ ಊಟದ ವೇಳೆಗೆ ಕೇಂದ್ರಕ್ಕೆ ಖುದ್ದು ಹಾಜರಾಗತಕ್ಕದ್ದು.'

"ಎಷ್ಟ್ ತರ್ಲಿರಿ?" ಗಡಿಗೆಯನ್ನು ಕಂಕುಳಿಗೆ ಏರಿಸುತ್ತ ಹೊನ್ನವ್ವ ಕೇಳಿದಳು.

"ಕಣ್ಣಿಗೆ ಕಾಣೂ ಜೀವಿ ಅಲ್ಲಲ್ಲ. ತಂಬಿಗಿ ತುಂಬ ತಾ. ಅದರಾಗ ಎಲ್ಲೋ ಇರ್ತದ."

ಈಗ ಸೋಮವಾರ ಕೇಂದ್ರದ ಸಿಬ್ಬಂದಿ ಬರೀ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಸಾಹೇಬರು ಬೆರಳು ನೆಕ್ಕಿ 'ಹಾಜರ್' ಎಂದು ಸಹಿ ಹಾಕುತ್ತಾರೆ. ಸಂತೆಯಲ್ಲಿ ಜನ ಸರ್ಕಾರಕ್ಕೆ ಹಾಜರಿ ಕೊಡುವ ಮೊಸರನ್ನೇ ಕೇಳಿ ಕೊಳ್ಳುತ್ತಾರೆ. ಹೊನ್ನವ್ವನ ಗಡಿಗೆ ಮಧ್ಯಾಹ್ನದೊಳಗೆ ಖಾಲಿ, ಹೆಪ್ಪಿನಷ್ಟು ಬಿಟ್ಟು.

ಹೋದ ವಾರ ಪುರ್ತಗೇರಿಯ ಮೊಸರು ಮಾರುವ ಅವ್ವಂದಿರೆಲ್ಲ ಗಡಿಗೆ ಹೊತ್ತು ಕೇಂದ್ರದ ಮುಂದೆ ಸಾಲು ಹಚ್ಚಿದರು.

"ನಮ್ಮ ಮೊಸರಿನ ಮ್ಯಾಲೂ ಒಂದೀಟ ಸಂಶಯ ಪಡ್ರಿ, ಸಾಹೇಬ್ರ."

ಸಾಹೇಬರು ಕ್ಯಾಲೆಂಡರ್ ನೋಡಿದರು.

"ಮಂಗಳವಾರ ಇನ್ನೂ ಖಾಲಿ ಅದ," ಎಂದರು.