ಅಣ್ಣ ವಿಶ್ವವಿದ್ಯಾಲಯದ ಮನೆ ನೋಡಿದ್ದು

ಎಳೆಬಿದಿರಿನ ಕಳಲೆ ಹೆಚ್ಚುತ್ತಾ ಕೂತಿದ್ದೆ, ಮಗಳ ಫೋನು ಬಂತು.

"ಅಮ್ಮಾ, ವೆರಿಫಿಕೇಶನ್ ಆಯ್ತು! ಬಿ.ಎಡ್ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎಲ್ಲ ಸರಿ ಉಂಟು ಅಂದ್ರು. ಇನ್ನು ನಾನು ಸರ್ಕಾರಿ ಹೈಸ್ಕೂಲ್ ಟೀಚರ್!"

ಕೂತಲ್ಲೇ ಕೈಮುಗಿದೆ. ಕೆಲಸ ಸಿಕ್ಕಿದ್ದು ಇಗ್ಗುತಪ್ಪ ದೇವರ ದಯೆ. ಈ ಮಳೆಯಲ್ಲೂ ಗೋಣಿಕೊಪ್ಪಲಿನ ನಮ್ಮ ಮನೆಯ ಅಡುಗೆಕೋಣೆಯ ತನಕ ಸಿಗ್ನಲ್ ಬಂದದ್ದು ಅವನದೇ ದಯೆ. ಸುದ್ದಿ ಕೇಳಿ ಬೆಚ್ಚಿದರೂ ಬೆರಳು ಕೊಯ್ದುಕೊಳ್ಳದೆ ಉಳಿದದ್ದಂತೂ ದೊಡ್ಡ ದಯೆ! ಆದರೆ ಇದರಲ್ಲಿ ನಮ್ಮಣ್ಣನಿಗೂ ಒಂದು ಪಾಲು ಸಲ್ಲಬೇಕು. ನಮ್ಮಣ್ಣ ಎಂದರೆ ಸಾಮಾನ್ಯನಲ್ಲ. ದೇವರ ಗುಡಿಗೂ ಮೊದಲು ಹಿಂದಿನಿಂದ ಒಂದು ಸುತ್ತು ಹಾಕಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದೆ ಬಂದು ಕೈಮುಗಿಯುವ ಮನುಷ್ಯ!

ನಗಬೇಡಿ. ನಮ್ಮ ತವರು ಭಾಗಮಂಡಲದ ಹತ್ತಿರ, ಮನೆಮಾತು ಅರೆಭಾಷೆ; 'ಉಂಟು' ಎಂಬುದು ನಮಗೆ 'ಉಟ್ಟು'. ಅಲ್ಲಿನ ಸಂಗಮದಲ್ಲಿ ಕಣ್ಣಿಗೆ ಕಾಣುವ ನದಿ ಎರಡು, ಮೂರನೆಯದು ಕಾಣದಂತೆ ಹರಿಯುತ್ತದೆ. ಊರಿಗೆ ಊರೇ ನಂಬಿಕೊಂಡು ಮುಳುಗು ಹಾಕಿದರೆ, ಇವನು ಅರ್ಚಕರ ಹತ್ತಿರ ಹೋಗಿ, "ಭಟ್ರೇ, ಆ ಮೂರನೆಯದ್ ಎಲ್ಲಿ ಸೇರುದು? ಅಂದಾಜಿಗೆ ಒಂದ್ ಬೆರಳು ತೋರ್ಸಿ" ಎಂದಿದ್ದ. ಭಟ್ಟರೂ ಬಿಡುವವರಲ್ಲ. "ಎರಡು ಕಂಡಿತಲ್ಲ ಮಾರಾಯ, ಒಂದನ್ನಾದರೂ ನಂಬು!" ಎಂದರು. ಅಣ್ಣ ಸ್ವಲ್ಪ ಯೋಚಿಸಿ, "ಆತ್. ಎರಡ್ ಕಂಡಮೇಲೆ ಒಂದ್ ನಂಬಕ್" ಎಂದು ಒಪ್ಪಿ ನೀರಿಗಿಳಿದ. ಅವನ ಭಕ್ತಿಯ ಲೆಕ್ಕಾಚಾರ ಹಾಗೆ.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವ ಪದ್ಧತಿ. ಬೇರೆಯವರೆಲ್ಲ ಏನು ಮಾಡುತ್ತಾರೆ? ಜಗಲಿಯಲ್ಲಿ ಕೂತು ಕಾಫಿ ಕುಡಿದು, ಗದ್ದೆ ಎಷ್ಟು, ತೋಟ ಎಷ್ಟು ಎಂದು ಕೇಳಿ ಬರುತ್ತಾರೆ. ನನ್ನನ್ನು ಕೊಡುವಾಗ ಅಣ್ಣ ಕಪ್ಪು ಕೋಟು ತೊಟ್ಟು ಈ ಮನೆಗೆ ಬಂದವನು ಜಗಲಿಗೆ ಹಾಸಿದ್ದ ಜಮಖಾನೆಯತ್ತ ತಿರುಗಿಯೂ ನೋಡದೆ ನೆಟ್ಟಗೆ ಹಿತ್ತಿಲಿಗೆ ಹೋದನಂತೆ. ಅವನ ಅವಸರ ನೋಡಿ ನಮ್ಮತ್ತೆ ಬೇರೇನೋ ಅಂದುಕೊಂಡು, ಹಿಂದೆಯೇ ಒಂದು ಚೊಂಬು ನೀರು ಕಳಿಸಿದರು! ಇವನು ನೋಡಲು ಹೋದದ್ದು ಸೌದೆಕೊಟ್ಟಿಗೆ. ಮಳೆಗಾಲದಲ್ಲಿ ಸೌದೆ ಒಣಗಿದೆಯೋ ಇಲ್ಲವೋ, ಒಲೆಯ ಮುಂದೆ ತಂಗಿಯ ಕಣ್ಣು ಉರಿಯುತ್ತದೋ ಇಲ್ಲವೋ ಎಂದು. ಚೊಂಬನ್ನು ಮಾತ್ರ ವಾಪಸು ಕಳಿಸದೆ, ಗಟಗಟನೆ ಕುಡಿದು, "ನೀರೂ ಸೀ ಉಟ್ಟು" ಎಂದನಂತೆ. ಮದುವೆ ಗಟ್ಟಿಯಾಯಿತು.

ಇಂಥವನು ಸೋದರಮಾವನಾದರೆ ನನ್ನ ಮಗಳ ಗತಿ ಏನು? ಬಿ.ಎಸ್ಸಿ ಮುಗಿಸಿ ಬಿ.ಎಡ್‌ಗೆ ಹೊರಟಾಗ ಅವಳ ಕಣ್ಣಿಗೆ ಬಿದ್ದದ್ದು ಘಟ್ಟದ ಕೆಳಗಿನ ಒಂದು ಹೊಚ್ಚ ಹೊಸ ವಿಶ್ವವಿದ್ಯಾಲಯ. ಅದರ ಪುಸ್ತಕವೇ ಮದುವೆ ಆಲ್ಬಮ್ಮಿನ ಹಾಗಿತ್ತು! ಗಾಜಿನ ಕಟ್ಟಡ, ಹುಲ್ಲುಹಾಸು, ಈಜುಕೊಳ. ಗೆಳತಿಯರೆಲ್ಲ ಅಲ್ಲಿಗೇ ಹೊರಟಿದ್ದರು. ನಮ್ಮ ಮನೆಯವರೂ ಹೂಂ ಅಂದಿದ್ದರು. ಅಷ್ಟರಲ್ಲಿ ಮಡಿಕೇರಿ ಬಸ್ಸಿಳಿದು ಅಣ್ಣ ಬಂದ. ಕೊಡೆ ಮಡಚಿ ಮೂಲೆಗಿಟ್ಟು ಆ ಪುಸ್ತಕ ತಿರುವಿದ.

"ಕೂಸು, ಈಜಿಕೆ ಎಂಥಕೆ ಅಷ್ಟ್ ದೂರ? ಕಾವೇರಿ ಇಲ್ಲೇ ಉಟ್ಟಲ್ಲ! ಇದರ ಮಾನ್ಯತೆ ಎಲ್ಲಿ ಬರ್ದೊಳೊ?"

"ಇದ್ದೇ ಇರ್ತದೆ ಮಾವ. ಅಷ್ಟು ದೊಡ್ಡ ಬಿಲ್ಡಿಂಗ್ ಸುಮ್ನೆ ಕಟ್ತಾರಾ?"

ಅಣ್ಣ ಅಲ್ಲೇ ಫೋನು ಹಚ್ಚಿಸಿದ. ಆ ಕಡೆಯ ಹುಡುಗಿ ಜೇನು ಸುರಿಸಿದ ಹಾಗೆ ಮಾತಾಡಿ, ಕೊನೆಗೆ, "ಬಿ.ಎಡ್ ಮಾನ್ಯತೆಗೆ ಅಪ್ಲೈ ಮಾಡಿದ್ದೇವೆ ಸರ್, ಸದ್ಯದಲ್ಲೇ ಬರುತ್ತೆ" ಎಂದಳು. ಅಣ್ಣ ನಮ್ಮ ಮನೆಯವರ ಕಡೆ ತಿರುಗಿದ.

"ಭಾವ, ಒಬ್ಬ ಹೈದ ಕೆಲಸಕ್ಕೆ ಅರ್ಜಿ ಹಾಕ್ಯೊಳೆ ಹೇಳಿರೆ, ಕೆಲಸ ಉಟ್ಟುಂತ ಮದುವೆಗೆ ಕೂಸು ಕೊಡಿಕೆ ಆದಾ?"

ಇವರು ಪೇಪರಿನೊಳಗೆ ಮುಖ ಮುಚ್ಚಿಕೊಂಡರು. ಮಗಳು ಮಾತ್ರ ಅಳುತ್ತಾ, "ಮಾವ, ಎಲ್ರೂ ಸೇರ್ತಿದ್ದಾರೆ. ನನ್ನ ಸೀಟು ಹೋಗ್ತದೆ!" ಎಂದಳು.

"ಸೀಟು ಹೋದರೆ ಬೇರೆ ಸಿಕ್ಕುದು. ಓದಿದ ಮೇಲೆ ಆ ಡಿಗ್ರಿ ಲೆಕ್ಕಕ್ಕೆ ಇಲ್ಲೆ ಹೇಳಿರೆ, ಹೋದ ವರ್ಷನ ಯಾರ್ ಕೊಡುದು?"

ಆಗ ನನಗೂ ವಿಷಯ ತಲೆಗೆ ಹೋಯಿತು. ಮಾನ್ಯತೆಯಿಲ್ಲದ ಕಡೆ ಎಷ್ಟೇ ಚೆನ್ನಾಗಿ ಓದಲಿ, ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರಿಸುವುದಿಲ್ಲ, ಮುಂದಿನ ಓದಿಗೆ ಬೇರೆ ವಿಶ್ವವಿದ್ಯಾಲಯ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದಲ್ಲದೆ ಗುಣಮಟ್ಟದ ಗ್ರೇಡು ಎಂದು ಇನ್ನೊಂದಿದೆ. ಹೊರಗಿನ ಪ್ರಾಧ್ಯಾಪಕರ ಸಮಿತಿಯೊಂದು ಬಂದು ಪಾಠ, ಲೈಬ್ರರಿ, ಲ್ಯಾಬು ಎಲ್ಲ ನೋಡಿ, ಮಕ್ಕಳನ್ನೂ ಕೇಳಿ ಕೊಡುವಂಥದ್ದು. ಅದೂ ಒಮ್ಮೆ ಕೊಟ್ಟರೆ ಮುಗಿಯಲಿಲ್ಲ, ಅವಧಿ ಮುಗಿದ ಮೇಲೆ ಮತ್ತೆ ನೋಡಿಸಬೇಕು, ನಮ್ಮ ಜೀಪಿಗೆ ಎಫ್‌ಸಿ ಮಾಡಿಸಿದ ಹಾಗೆ. ಅಯ್ಯೋ, ಜೀಪಿಗೇ ಅಷ್ಟು ನೋಡುವವರು ಮಗಳ ಓದಿಗೆ ಈಜುಕೊಳ ನೋಡಿ ಹೂಂ ಅಂದಿದ್ದೆವಲ್ಲ!

ಕೊನೆಗೆ ಗೊತ್ತಾದದ್ದು ಇನ್ನೊಂದು ಹಳೆಯ ವಿಶ್ವವಿದ್ಯಾಲಯ. ಅದಕ್ಕೆ ಮಾನ್ಯತೆಯೂ ಇತ್ತು, ಗ್ರೇಡೂ ಇತ್ತು. ಸರ್ಕಾರದ ವೆಬ್‌ಸೈಟಿನಲ್ಲಿ ಮಗಳೇ ತೋರಿಸಿದಳು. ಅಣ್ಣ ಒಪ್ಪಿದನೇ? "ಕೂತಲ್ಲಿಂದ ಮನೆ ನೋಡಿಕೆ ಆಕಿಲ್ಲೆ" ಎಂದು ಅದೇ ಕಪ್ಪು ಕೋಟು ತೊಟ್ಟು ಒಬ್ಬನೇ ಹೊರಟ.

ಅಲ್ಲಿ ಆದದ್ದನ್ನು ಅವನ ಬಾಯಲ್ಲೇ ಕೇಳಬೇಕು. ಗೇಟಿಗೆ ತೋರಣ ಕಟ್ಟಿದ್ದರಂತೆ. ಇವನು ಒಳಗೆ ಕಾಲಿಟ್ಟದ್ದೇ ಇಬ್ಬರು ಹುಡುಗಿಯರು ಹಣೆಗೆ ತಿಲಕವಿಟ್ಟರು, ಒಬ್ಬರು ಕೊಡೆ ತೆಗೆದುಕೊಂಡರು, ಇನ್ನೊಬ್ಬರು ಹೂಗುಚ್ಛ ಕೊಟ್ಟರು. 'ಗಂಡಿನ ಕಡೆಯವರು ಭಾರೀ ಮರ್ಯಾದಸ್ಥರು' ಎಂದುಕೊಂಡು ಅಣ್ಣ ಎಳನೀರು ಕುಡಿದು ನೋಡಲು ಶುರುಮಾಡಿದ. ಲೈಬ್ರರಿಯಲ್ಲಿ ಪುಸ್ತಕ ಎಳೆದು ಧೂಳು ಊದಿದ. ಲ್ಯಾಬಿನ ನಲ್ಲಿ ತಿರುಗಿಸಿದ. ಹಾಸ್ಟೆಲಿನ ಸಾರು ಅಂಗೈಗೆ ಹಾಕಿಸಿಕೊಂಡು ನೆಕ್ಕಿದ. ಗೋಡೆಗೆ ಕೈಯಿಟ್ಟರೆ ಬಣ್ಣ ಇನ್ನೂ ಹಸಿ! ಬಿ.ಎಡ್ ಕಾಲೇಜಿನ ಪ್ರಿನ್ಸಿಪಾಲರು ತಾವೇ ಕರವಸ್ತ್ರ ಕೊಟ್ಟು ಕೇಳಿದರಂತೆ:

"ತಾವು ಯಾವ ಯೂನಿವರ್ಸಿಟಿಯಿಂದ ಬಂದಿದ್ದೀರಿ ಸಾರ್?"

"ನಾನಾ? ನಾನು ಹುಡುಗಿಯ ಸೋದರಮಾವ!"

ಅದೇ ಹೊತ್ತಿಗೆ ಗೇಟಿನಲ್ಲಿ ನಿಜವಾದ ಸಮಿತಿಯ ಕಾರು ಬಂದು ನಿಂತಿತು. ಅವರಿಗೆ ಕೊಡಲು ಹೂಗುಚ್ಛ ಒಂದು ಕಡಿಮೆ! ಅಣ್ಣ ತನ್ನದನ್ನೇ ಕೊಟ್ಟು, "ಸಾರು ಚೆನ್ನಾಗುಂಟು, ನೋಡಿ" ಎಂದು ಅವರಿಗೊಂದು ಶಿಫಾರಸು ಮಾಡಿ ಬಂದನಂತೆ.

ಸಾಕಲ್ಲವೇ? ನಮಗೆ ಸಾಕು, ಅವನಿಗೆ ಸಾಲದು. "ನೆಂಟರು ಬಾಕೆ ಇದ್ದ ದಿನ ಎಲ್ಲರ ಮನೆನೂ ಚಂದವೇ" ಎಂದು ಸಮಿತಿ ಹೋದ ಮೇಲೆ, ಯಾರಿಗೂ ಹೇಳದೆ ಮತ್ತೊಮ್ಮೆ ಹೋದ. ಬಂದು ಜಗಲಿಯಲ್ಲಿ ಕೂತು ವರದಿ ಒಪ್ಪಿಸಿದ.

"ತೋರಣ ಇಲ್ಲೆ. ಹೂಕುಂಡ ಬಾಡಿಗೆದ್, ಅದೂ ಹೋಗಿಟ್ಟು."

ಮಗಳ ಮುಖ ಬಾಡಿತು.

"ಮೇಷ್ಟ್ರುಗ ಅಲ್ಲೇ ಒಳೊ. ಮಕ್ಕ ಲೈಬ್ರರಿಲಿ ಓದ್ತಾ ಒಳೊ. ಸಾರೂ ಮೊನ್ನೆದೇ ರುಚಿ. ಕೂಸುನ ಕಳ್ಸಕ್."

ಹಾಗೆ ನನ್ನ ಮಗಳು ಓದಿದ್ದು. ಗಾಜಿನ ಕಟ್ಟಡಕ್ಕೆ ಹೋದ ಗೆಳತಿಯರಲ್ಲೊಬ್ಬಳು ಮತ್ತೆ ಮೊದಲಿನಿಂದ ಬಿ.ಎಡ್ ಮಾಡುತ್ತಿದ್ದಾಳೆ. ಆ ಮಗುವಿಗೂ ದೇವರು ಒಳ್ಳೆಯದು ಮಾಡಲಿ, ಅವಳದೇನು ತಪ್ಪು?

ಇವತ್ತು ಮಗಳ ಫೋನು ಇಟ್ಟವಳೇ ಅಣ್ಣನಿಗೆ ಮಾಡಿದೆ. ಈಗ ಅವನಿಗೆ ಮಂಡಿನೋವು, ಬಸ್ಸು ಹತ್ತಲಾಗದು. ಸುದ್ದಿ ಹೇಳಿದೆ. ಏನಾದರೂ ತಮಾಷೆ ಬರುತ್ತದೆಂದು ಕಾದೆ.

"ಅಕ್ಕಂಗೂ ಹೇಳಿದ್ದೊ ತಂಗೆ," ಎಂದ. "ಮನೆ ಪಕ್ಕಲೇ ಹೈಸ್ಕೂಲು ಉಟ್ಟುಂತ."

ನಮಗೊಬ್ಬಳು ಅಕ್ಕ ಇದ್ದಳು. ಅವಳ ಮದುವೆಯಾದಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಒಂಬತ್ತನೇ ಕ್ಲಾಸು ಮುಗಿಸಿದ್ದ ಹುಡುಗಿ. ಹತ್ತನೆಯದನ್ನು ನಮ್ಮಲ್ಲೇ ಓದಿಸುತ್ತೇವೆ ಎಂದಿದ್ದರು ಗಂಡಿನವರು. ಆ ವರ್ಷ ಹೊಳೆ ತುಂಬಿ ದಾರಿ ಮುಳುಗಿ, ಮನೆ ನೋಡಲು ಯಾರೂ ಹೋಗಲಾಗಲಿಲ್ಲ. ಅಪ್ಪ ಅವರ ಮಾತು ನಂಬಿದರು. ಅಕ್ಕ ಪುಸ್ತಕಗಳನ್ನು ಟ್ರಂಕಿನಲ್ಲಿ ಸೀರೆಯ ಅಡಿಯಲ್ಲಿಟ್ಟುಕೊಂಡು ಹೋದಳು. ಆ ಊರಲ್ಲಿ ಹೈಸ್ಕೂಲೇ ಇರಲಿಲ್ಲ. ಅವಳು ಇಲ್ಲವಾಗಿಯೂ ಈಗ ಬಹಳ ಕಾಲವಾಯಿತು. ಅಣ್ಣ ಈ ಮಾತೆತ್ತಿದ್ದನ್ನು ನಾನು ಇವತ್ತೇ ಕೇಳಿದ್ದು.

"ಈ ಕೂಸುಗೆ ಹೇಳಿದ್ದೆಲ್ಲ ಅಲ್ಲಿ ಇತ್ತಲ್ಲ, ತಂಗೆ?" ಎಂದು ಕೇಳಿದ.

"ಇತ್ತಣ್ಣ," ಎಂದೆ. "ಎಲ್ಲ ಇತ್ತ್."

"ಹಂಗಾರೆ ಆತ್," ಎಂದು ಫೋನಿಟ್ಟ.

ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಹೆಚ್ಚಿದ ಕಳಲೆಯನ್ನು ನೀರಿಗೆ ಹಾಕಿ, ಒಲೆಯ ಮೇಲಿನ ಹಗ್ಗದಲ್ಲಿ ಹರವಿದ್ದ ಒದ್ದೆ ಬಟ್ಟೆಗಳನ್ನು ಮಗುಚಿ ಹಾಕಲು ಎದ್ದೆ.