ಅವಳ ಕುರಿ ಕೊಳೆಯಿತು, ನನ್ನದು ಒಣಗಿತು

ಬೇರೆಯವರಿಗೆ ಒಳ್ಳೆಯದಾದರೆ ನನಗೆ ಹೊಟ್ಟೆ ಉರಿಯುವುದು ಹೊಸತಲ್ಲ. ಆದರೆ ಇನ್ನೊಬ್ಬಳ ಕುರಿ ಚೆನ್ನಾಗಿ ಕೊಳೆಯಿತೆಂದು ಉರಿದದ್ದು ಕುವೈತಿಗೆ ಬಂದ ಮೇಲೆಯೇ.

೧. ಎರಡು ಪಂಜರ

ಸಬ್ಹಾನಿನ ಕಾರ್ಖಾನೆಗಳನ್ನು ದಾಟಿದರೆ ಮರಳಿನಲ್ಲಿ ಬೇಲಿ ಹಾಕಿದ ನಮ್ಮ ವಿಧಿವಿಜ್ಞಾನ ತರಬೇತಿಯ ಅಂಗಳ. ಬಯಲಲ್ಲಿ ಸಿಕ್ಕಿದ ಹೆಣ ಎಷ್ಟು ದಿನದ್ದೆಂದು ಹೇಳಲು ಕಲಿಯಬೇಕಲ್ಲ, ಅದಕ್ಕೆ ಸತ್ತ ಕುರಿಗಳನ್ನು ಬಿಸಿಲಲ್ಲಿಟ್ಟು ದಿನವೂ ನೋಡುತ್ತೇವೆ. ನಾಯಿ ಎಳೆಯದಂತೆ ಮೇಲೊಂದು ತಂತಿಯ ಪಂಜರ. ನನಗೊಂದು ಕುರಿ, ನನ್ನ ಜೊತೆ ಕಲಿಯುವ ಉಡುಪಿ ಕಡೆಯ ಕೊಂಕಣಿ ಹುಡುಗಿಗೊಂದು. ಯಾರ ಕುರಿಯಿಂದ ಹೊಸ ವಿಷಯ ಸಿಗುತ್ತದೋ ಅವರ ಹೆಸರು ಸಂಶೋಧನಾ ಲೇಖನದಲ್ಲಿ ಮೊದಲು ಎಂದರು ಪ್ರೊಫೆಸರ್. ಮಕ್ಕಳನ್ನು ದೊಡ್ಡ ಮಾಡಿ ಮತ್ತೆ ಓದಲು ಕೂತವಳು ನಾನು. ಆ ಮೊದಲ ಜಾಗ ನನಗೆ ಬೇಕೇ ಬೇಕಿತ್ತು.

ವಾರದೊಳಗೆ ಅವಳದ್ದು ಉಬ್ಬಿತು, ನೊಣ ಮುತ್ತಿತು, ಹುಳವೂ ಬಿತ್ತು. ನನ್ನದು ಊರಿನಿಂದ ಬರುವ ಒಣಮೀನಿನ ಹಾಗೆ ಗರಿಗರಿಯಾಗಿ ಮಲಗಿತ್ತು. ಒಂದೇ ಒಂದು ನೊಣ ಬಂದು ಕೂತು, ಅತ್ತಿತ್ತ ನೋಡಿ, ಅವಳ ಕುರಿಯ ಕಡೆ ಹಾರಿಹೋಯಿತು.

೨. ಟ್ಯಾಕ್ಸಿಯಲ್ಲಿ ಮರ್ಯಾದೆ

ಅಂದು ಇಬ್ಬರೂ ಒಂದೇ ಟ್ಯಾಕ್ಸಿ ಹತ್ತಿದೆವು. ಡ್ರೈವರ್ ಭಾಯಿ ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ಇಳಿಸಿದ. ಆಮೇಲೆ ತಿರುಗಿ ನೋಡಿ, ವಾಸನೆ ಅವಳದ್ದು ಮಾತ್ರ, ನಿಮ್ಮದೇನೂ ಇಲ್ಲ ಬೆಹನ್‌ಜೀ ಎಂದು ನನಗೆ ಸಮಾಧಾನ ಹೇಳಿದ.

ಅಷ್ಟು ದೊಡ್ಡ ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

೩. ಊಟದ ಹೊತ್ತು

ಬ್ನೇದ್ ಅಲ್ ಗಾರ್‌ನ ಮನೆಯಲ್ಲಿ ಗಂಡನಿಗೆ ಕೋಳಿ ಸಾರು ಬಡಿಸುತ್ತಾ ಸಂಕಟ ತೋಡಿಕೊಂಡೆ. ಅವಳ ಕುರಿಯ ಹುಳಗಳು ಎಷ್ಟು ದಪ್ಪ, ಹೇಗೆ ಮಿರಿಮಿರಿ ಎನ್ನುತ್ತವೆ ಎಂದು ಬಿಡಿಸಿ ಹೇಳಿದೆ. ಅವರು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು.

"ಬೇರೆ ಹೆಂಗಸರು ಪಕ್ಕದ ಮನೆಯವಳ ಚಿನ್ನ ನೋಡಿ ಹೊಟ್ಟೆ ಉರಿಸಿಕೊಳ್ತಾರೆ ಮಾರಾಯ್ತಿ," ಅಂದರು. "ಈಗ ನನಗೆ ಅದೇ ವಾಸಿ ಅಂತ ಕಾಣ್ತದೆ."

೪. ಪೈಪು

ನಿಜಕ್ಕೂ ಹೊಟ್ಟೆಕಿಚ್ಚಿನವರ ಕಣ್ಣು ಚುರುಕು. ಅಂಗಳದ ಕಂಟೇನರ್ ಆಫೀಸಿನ ಎಸಿ ನೀರು ಬಿಡುವ ಪೈಪು ಮರಳಿನಡಿ ಹಾದು, ನೇರ ಅವಳ ಪಂಜರದ ಪಕ್ಕ ಬಾಯಿ ತೆರೆದಿತ್ತು. ಕುರಿ ಹಗಲೆಲ್ಲ ತಣ್ಣಗೆ ನೆನೆಯುತ್ತಿತ್ತು. ನಾನು ಓಡಿಹೋಗಿ ಪ್ರೊಫೆಸರನ್ನು ಕರೆತಂದು ಮರಳು ಕೆದಕಿ ತೋರಿಸಿದೆ. ಇನ್ನು ಅವಳ ಕುರಿ ಲೆಕ್ಕಕ್ಕಿಲ್ಲ, ಖಲಾಸ್ ಎಂದು ಒಳಗೊಳಗೇ ಕುಣಿದೆ.

ಪ್ರೊಫೆಸರ್ ಮುಖ ಅರಳಿತು. ಈ ದೇಶದಲ್ಲಿ ಎಸಿ ನೀರು ತೊಟ್ಟಿಕ್ಕದ ಗೋಡೆಯೇ ಇಲ್ಲ, ಹಾಗಿದ್ದೂ ಅದರ ತೇವಕ್ಕೆ ಹೆಣದ ದಿನದ ಲೆಕ್ಕ ತಪ್ಪುತ್ತದೆಂದು ಯಾರಿಗೂ ಹೊಳೆದಿಲ್ಲ, ಇದೇ ನಮ್ಮ ಲೇಖನ ಎಂದರು. ನೆನೆದ ಕುರಿ ಅವಳದ್ದಾದ್ದರಿಂದ ಅವಳ ಹೆಸರು ಮೊದಲು. ಪಕ್ಕದಲ್ಲಿಟ್ಟು ಹೋಲಿಸಲು ಒಣಗಿದ್ದೊಂದು ಬೇಕಲ್ಲ, ಅದಕ್ಕೆ ನನ್ನದು.

ಅವಳು ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನೀವು ತೋರಿಸದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಪೈಪನ್ನು ಕಂಡುಹಿಡಿದವಳೆಂದು ನನಗೂ ಒಂದು ಜವಾಬ್ದಾರಿ ಸಿಕ್ಕಿದೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಎಸಿ ಹಾಕಿ, ನೀರು ಸರಿಯಾಗಿ ಅವಳ ಕುರಿಯ ಅಡಿಗೇ ಹರಿಯುತ್ತಿದೆಯೇ ಎಂದು ನೋಡಿಕೊಳ್ಳಬೇಕು.